ಕೈಕೇಯಿ ಅಂತ ಬೈಯೋಕ್ ಮುಂಚೆ ಒಂದ್ಸಲ ಹೀಗೆ ಓದಿ ನೋಡಿ

ನಮ್ಮಜ್ಜಿ ಬದುಕಿರೋವರ್ಗೂ ನಮ್ಮ ಚಿಕ್ಕಮ್ಮನ್ನ ಬೆನ್ನ ಹಿಂದೆ ಕರೀತಿದ್ದಿದ್ದು ಒಂದೇ ಹೆಸರು, ಕೈಕೇಯಿ. ಮನೆ ಪಾಲಾಗೋವಾಗ ರೋಡ್ ಪಕ್ಕದ ಅಡಿಕೆ ತೋಟ ನಮಗೇ ಬೇಕು ಅಂತ ಚಿಕ್ಕಪ್ಪನ ಬಾಯಲ್ಲಿ ಹೇಳಿಸಿದ್ದು ಚಿಕ್ಕಮ್ಮನೇ ಅಂತ ಅಜ್ಜಿಗೆ ಖಾತ್ರಿ ಇತ್ತು (ನಿಜವೇ ಇರ್ಬೇಕು, ಚಿಕ್ಕಮ್ಮನೂ ಯಾವತ್ತೂ ಇಲ್ಲ ಅಂದಿಲ್ಲ). ಅದಕ್ಕೂ ಮುಂಚೆ ಅಜ್ಜನಿಗೆ ಲಕ್ವ ಹೊಡೆದು ನಾಲ್ಕು ವರ್ಷ ಮಲಗಿದ್ದಾಗ ದಿನಾ ಬೆಳಿಗ್ಗೆ ಬೆಡ್‌ಪ್ಯಾನ್ ತೆಗೆದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಿ, ಗಂಜಿ ಕುಡಿಸಿದ್ದೂ ಅದೇ ಚಿಕ್ಕಮ್ಮ. ಆ ಕೆಲಸಕ್ಕೆ ಮಾತ್ರ ರಾಮಾಯಣದಲ್ಲಿ ಅಜ್ಜಿಗೆ ಯಾವ ಹೆಸರೂ ಸಿಗ್ಲಿಲ್ಲ.

ಇದು ಯಾಕೆ ನೆನಪಾಯ್ತು ಅಂದ್ರೆ, ಬೆಂಗಳೂರಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಯಾರಾದ್ರೂ ಒಬ್ಬರ ಮನೇಲಿ ಸೇರಿ ಓದ್ತೀವಿ, ಅಲ್ಲೂ ಶುರು ಶುರುವಿನಲ್ಲಿ ಇದೇ ಕಥೆ ಆಗ್ತಿತ್ತು. ಧರ್ಮರಾಯನಾ, ಅವನು ಹೆಂಡ್ತಿನ ಜೂಜಿಗಿಟ್ಟೋನಲ್ವಾ. ಆ ಸಾಹಿತಿನಾ, ಅವರು ಟಿವಿಲಿ ಹಾಗಂದಿದ್ರಲ್ವಾ. ಮುಗೀತು, ಓದೋಕೆ ಅಂತ ಬಂದೋರು ತೀರ್ಪು ಕೊಟ್ಟು ಕಾಫಿ ಕುಡಿದು ಎದ್ದು ಹೋಗೋರು, ಪುಸ್ತಕ ತೆರೆದೇ ಇರ್ತಿರ್ಲಿಲ್ಲ. ಹಾಗಾಗಿ ನಿಧಾನಕ್ಕೆ ಒಂದು ಪದ್ಧತಿ ಮಾಡ್ಕೊಂಡ್ವಿ. ಅದನ್ನೇ ಇಲ್ಲಿ ಬರೀತಿದೀನಿ, ನಿಮ್ಮ ಬಳಗದಲ್ಲಿ, ಮನೇಲಿ, ಅಥವಾ ಒಬ್ಬರೇ ಕೂತು ಓದೋವಾಗಲೂ ಬಳಸ್ಬಹುದು.

ಮೊದಲೇ ಹೇಳ್ಬಿಡ್ತೀನಿ, ಇದು ಯಾರ ತಪ್ಪನ್ನೂ ತೊಳೆದು ಮಡಿ ಮಾಡೋ ವಿಧಾನ ಅಲ್ಲ. ಕೆಲವು ಸಲ ಇದನ್ನೆಲ್ಲ ಮಾಡಿ ಮುಗಿಸಿದ ಮೇಲೆ ತಪ್ಪು ಮೊದಲಿಗಿಂತ ದೊಡ್ಡದಾಗಿ ಕಂಡಿದೆ. ಕರ್ಣನ ವಿಷಯದಲ್ಲಿ ನನಗೆ ಹಾಗೇ ಆಯ್ತು.

ಆ ತಪ್ಪು ಪುಸ್ತಕದಲ್ಲಿ ಇದ್ಯಾ ನೋಡಿ

ಒಂದು ಹಾಳೆ ತಗೊಂಡು ಆ ಪಾತ್ರ ಮಾಡಿದ ತಪ್ಪನ್ನ ಒಂದೇ ಸಾಲಲ್ಲಿ ಬರೀರಿ. ಯಾರು, ಯಾರಿಗೆ, ಏನು ಮಾಡಿದ್ರು, ಅಷ್ಟೇ. ನೀಚ, ಪಾಪಿ, ಕ್ರೂರಿ ಇಂಥ ಪದ ಬೇಡ. ಆಮೇಲೆ ಮೂಲ ತೆಗೆದು ಆ ಜಾಗ ಹುಡುಕಿ. ವಾಲ್ಮೀಕಿ ರಾಮಾಯಣಕ್ಕೆ ಎನ್. ರಂಗನಾಥ ಶರ್ಮರ ಕನ್ನಡ ಅನುವಾದ ಇದೆ, ಮಹಾಭಾರತಕ್ಕೆ ಭಾರತ ದರ್ಶನದವರ ಸಂಪುಟಗಳಿವೆ, ಲೈಬ್ರರಿಯಲ್ಲಿ ಕೇಳಿದ್ರೆ ಧೂಳು ಕೊಡವಿ ಕೊಡ್ತಾರೆ. ಸೀರಿಯಲ್‌ನಲ್ಲಿ ನೋಡಿದ್ದು, ಪ್ರವಚನದಲ್ಲಿ ಕೇಳಿದ್ದು ಇದ್ಯಾವ್ದೂ ಈ ಹಂತದಲ್ಲಿ ಲೆಕ್ಕಕ್ಕಿಲ್ಲ.

ಮೊದಲ ಸಲ ಇದನ್ನ ಮಾಡಿದಾಗ ನಮಗೆ ಶಾಕ್ ಕೊಟ್ಟಿದ್ದು ಸೀತೆ. ಸೀತೆ ಮಾಡಿದ ತಪ್ಪೇನು ಅಂದ್ರೆ ಎಲ್ಲರ ಹಾಳೆಯಲ್ಲೂ ಇದ್ದಿದ್ದು 'ಲಕ್ಷ್ಮಣರೇಖೆ ದಾಟಿದ್ಲು'. ವಾಲ್ಮೀಕಿಯಲ್ಲಿ ಆ ರೇಖೆನೇ ಇಲ್ಲ! ಲಕ್ಷ್ಮಣ ಗೆರೆ ಗಿರೆ ಏನೂ ಎಳೆಯಲ್ಲ, ವನದೇವತೆಗಳು ನಿನ್ನನ್ನ ಕಾಪಾಡ್ಲಿ ಅಂತ ಹೇಳಿ ಹೊರಡ್ತಾನೆ. ಅಲ್ಲಿರೋದು ಬೇರೇನೇ. ಮಾರೀಚ ರಾಮನ ದನಿಯಲ್ಲಿ ಕೂಗಿದಾಗ ಲಕ್ಷ್ಮಣ ನಿಂತ ಜಾಗದಿಂದ ಅಲುಗಲ್ಲ, ಅದನ್ನ ನೋಡಿ ಸೀತೆಗೆ ತಡೆಯೋಕಾಗದೆ, ಅಣ್ಣ ಸತ್ರೆ ನಾನು ನಿನಗೆ ಸಿಗ್ತೀನಿ ಅಂತ ಕಾಯ್ತಿದೀಯ ಅನ್ನೋ ಅರ್ಥದ ಮಾತಾಡ್ತಾಳೆ. ವರ್ಷಗಟ್ಟಲೆ ಕಾಡಲ್ಲಿ ಹಿಂದೆ ಮುಂದೆ ಕಾವಲು ನಿಂತ ಮೈದುನನಿಗೆ ಆ ಮಾತು. ಓದಿದ್ರೆ ಹೊಟ್ಟೆ ಹಿಂಡುತ್ತೆ, ಹೆದರಿಕೆಯಲ್ಲಿ ಮನುಷ್ಯರು ಹತ್ತಿರದವರ ಮೇಲೇ ಹೀಗೆ ಎಗರ್ತಾರೆ ಅಂತ ಗೊತ್ತಿರೋರಿಗೆ ಇನ್ನೂ ಜಾಸ್ತಿ. ಆದ್ರೆ ಜನರ ನೆನಪಿನಲ್ಲಿ ಆ ಮಾತು ಉಳಿದಿಲ್ಲ, ಇಲ್ಲದ ಗೆರೆ ಉಳಿದಿದೆ.

ಅಹಲ್ಯೆದೂ ಹಾಗೇ. ಕಲ್ಲಾದಳು ಅಂತೀವಿ, ವಾಲ್ಮೀಕಿಯಲ್ಲಿ ಅವಳು ಕಲ್ಲಾಗಲ್ಲ, ಯಾರ ಕಣ್ಣಿಗೂ ಕಾಣದೆ, ಗಾಳಿನೇ ಆಹಾರ ಮಾಡ್ಕೊಂಡು ಬೂದಿ ಮೇಲೆ ಮಲಗಿ ತಪಸ್ಸು ಮಾಡ್ತಿರ್ತಾಳೆ. ಧರ್ಮರಾಯನ 'ನರೋ ವಾ ಕುಂಜರೋ ವಾ' ಎಲ್ಲರಿಗೂ ಬಾಯಿಪಾಠ, ಸಂಸ್ಕೃತ ದ್ರೋಣಪರ್ವದಲ್ಲಿ ಆ ಸಾಲು ಆ ರೂಪದಲ್ಲಿಲ್ಲ, ಆನೆ ಅನ್ನೋ ಪದವನ್ನ ಅಸ್ಪಷ್ಟವಾಗಿ ಅಂದ ಅಂತಿದೆ, ಅಲ್ಲಿವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡ್ತಿದ್ದ ಅವನ ರಥ ಆವತ್ತು ನೆಲ ಮುಟ್ತು ಅಂತಿದೆ.

ಇದರಿಂದ ನನಗೆ ಹೊಳೆದಿದ್ದು ಏನಪ್ಪಾ ಅಂದ್ರೆ, ಒಬ್ಬರಿಗೆ ಅಂಟಿಕೊಳ್ಳೋದು ಅವರು ಮಾಡಿದ ದೊಡ್ಡ ತಪ್ಪಲ್ಲ. ಒಂದೇ ವಾಕ್ಯದಲ್ಲಿ ಹೇಳಿ ಮುಗಿಸೋಕಾಗೋ ತಪ್ಪು, ಕ್ಯಾಲೆಂಡರ್‌ನಲ್ಲಿ ಚಿತ್ರ ಬರೆಯೋಕಾಗೋ ತಪ್ಪು, ಅದು ಅಂಟಿಕೊಳ್ಳುತ್ತೆ. ಗೆರೆ ಬರೀಬಹುದು, ಕಲ್ಲು ಬರೀಬಹುದು. ಹೆದರಿದ ಹೆಂಗಸು ಆಡಿದ ಮಾತನ್ನ ಹೇಗೆ ಬರೀತೀರಿ?

ಉಲ್ಟಾ ಕೇಸೂ ಇದೆ, ಅದೇ ಕರ್ಣ. ಕರ್ಣ ಅಂದ್ರೆ ನಮಗೆ ದಾನಶೂರ, ಕವಚ ಕುಂಡಲ ಕೊಯ್ದು ಕೊಟ್ಟೋನು, ರಥದ ಚಕ್ರ ಹೂತಾಗ ಅನ್ಯಾಯವಾಗಿ ಸತ್ತೋನು. ಸಭಾಪರ್ವ ತೆಗೆದು ನೋಡಿ. ದ್ರೌಪದಿ ಪರವಾಗಿ ಕೌರವರಲ್ಲೇ ಒಬ್ಬ, ವಿಕರ್ಣ, ಎದ್ದು ಮಾತಾಡ್ತಾನೆ. ಅವನ ಬಾಯಿ ಮುಚ್ಚಿಸೋದು ದುರ್ಯೋಧನ ಅಲ್ಲ, ಕರ್ಣ. ಐದು ಜನ ಗಂಡಂದಿರಿರೋಳು ಸೂಳೆ, ಇವಳನ್ನ ಬಟ್ಟೆ ಇಲ್ದೆ ಸಭೆಗೆ ಎಳ್ಕೊಂಡು ಬಂದ್ರೂ ತಪ್ಪಿಲ್ಲ ಅಂತ ಹೇಳಿ, ಪಾಂಡವರ ಬಟ್ಟೆ ದ್ರೌಪದಿ ಬಟ್ಟೆ ಎರಡೂ ಕಿತ್ಕೋ ಅಂತ ದುಶ್ಶಾಸನನಿಗೆ ಹೇಳೋನೂ ಅವನೇ. ನಾನಿದನ್ನ ಮೂವತ್ತು ದಾಟಿದ ಮೇಲೆ ಮೊದಲ ಸಲ ಓದಿದ್ದು, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡ್ಕೊಂಡು ಬಂದೆ, ಸುಳ್ಳಲ್ಲ. ದುಶ್ಶಾಸನನ ಹೆಸರು ಆ ಸೀರೆಗೆ ಶಾಶ್ವತವಾಗಿ ಕಟ್ಟಿಹೋಗಿದೆ, ಕಿತ್ಕೋ ಅಂದೋನ ಹೆಸರು ಮಕ್ಕಳಿಗಿಡ್ತೀವಿ.

ಕರ್ಣನಿಗೆ ಗೊತ್ತಿತ್ತು ಅನ್ನೋದು ಇನ್ನೊಂದು ವಿಷಯ. ಉದ್ಯೋಗಪರ್ವದಲ್ಲಿ ಕೃಷ್ಣ ಒಬ್ಬನೇ ಸಿಕ್ಕಾಗ, ದುರ್ಯೋಧನನನ್ನ ಮೆಚ್ಚಿಸೋಕೆ ಪಾಂಡವರಿಗೆ ಕೆಟ್ಟ ಮಾತಾಡಿದೆ, ಅದಕ್ಕೆ ಈಗ ಬೇಯ್ತಿದೀನಿ ಅಂತಾನೆ. ಒಂದೇ ಶ್ಲೋಕ. ಓದೋರು ಅದನ್ನ ದಾಟ್ಕೊಂಡು ಹೋಗ್ಬಿಡ್ತಾರೆ, ಯಾಕಂದ್ರೆ ತಪ್ಪನ್ನೇ ನೆನಪಿಟ್ಟಿಲ್ಲ ಅಂದ್ಮೇಲೆ ಪಶ್ಚಾತ್ತಾಪ ಇಟ್ಕೊಂಡು ಏನ್ ಮಾಡೋದು.

ಹಿಂದಿನ ಪುಟ, ಮುಂದಿನ ಪುಟ

ತಪ್ಪಿನ ಜಾಗ ಸಿಕ್ಕಿತಾ, ಈಗ ಅದರ ಹಿಂದೆ ಹತ್ತು ಪುಟ, ಮುಂದೆ ಹತ್ತು ಪುಟ ಓದಿ. ಹತ್ತು ಅನ್ನೋದು ಬಾಯ್ಮಾತಿಗೆ, ಆ ವ್ಯಕ್ತಿ ಮತ್ತೆ ಎಲ್ಲಿ ಬರ್ತಾರೋ ಅಲ್ಲಿವರ್ಗೂ ಹೋಗಿ.

ಕೈಕೇಯಿನೇ ತಗೊಳ್ಳಿ. ಅಯೋಧ್ಯಾಕಾಂಡದಲ್ಲಿ ಮಂಥರೆ ಮಹಡಿ ಹತ್ತಿ ನೋಡ್ತಾಳೆ, ಬೀದಿಗೆಲ್ಲ ನೀರು ಚಿಮುಕಿಸಿ ತಾವರೆ ಹರಡಿ ಊರು ಸಿಂಗಾರ ಆಗಿದೆ. ಪಕ್ಕದಲ್ಲಿದ್ದ ದಾದಿ ನಾಳೆ ರಾಮನ ಪಟ್ಟಾಭಿಷೇಕ ಅಂತಾಳೆ. ಮಂಥರೆ ಉರ್ಕೊಂಡು ಬಂದು ಮಲಗಿದ್ದ ಕೈಕೇಯಿನ ಎಬ್ಬಿಸ್ತಾಳೆ. ಕೈಕೇಯಿ ಏನ್ ಮಾಡ್ತಾಳೆ ಗೊತ್ತಾ? ಖುಷಿಯಾಗಿ ಒಂದು ಒಳ್ಳೇ ಒಡವೆ ತೆಗೆದು ಮಂಥರೆಗೆ ಇನಾಮು ಕೊಡ್ತಾಳೆ! ರಾಮ ಬೇರೆ ಭರತ ಬೇರೆ ಅಂತ ನನಗೆ ಅನ್ಸಲ್ಲ, ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ ಅಂತಾಳೆ. ಮಂಥರೆ ಆ ಒಡವೆನ ಬಿಸಾಕಿ, ಕೌಸಲ್ಯೆ ಮುಂದೆ ನೀನು ದಾಸಿ ಥರ ಕೈಕಟ್ಟಿ ನಿಲ್ತೀಯ, ನಿನ್ನ ಮಗನ ಗತಿ ಏನಾಗುತ್ತೆ ನೋಡು ಅಂತ ಶುರು ಮಾಡಿದ ಮೇಲೇ ಅವಳು ತಿರುಗೋದು.

ಇನ್ನು ಮುಂದಿನ ಪುಟ. ಭರತ ರಾಮನನ್ನ ವಾಪಸ್ ಕರ್ಕೊಂಡು ಬರೋಕೆ ಕಾಡಿಗೆ ಹೊರಟಾಗ ಆ ಗಾಡಿಯಲ್ಲಿ ಕೈಕೇಯಿನೂ ಇದ್ದಾಳೆ. ಕೈಕೇಯಿ, ಸುಮಿತ್ರೆ, ಕೌಸಲ್ಯೆ ಮೂವರೂ ರಾಮನನ್ನ ಕರೆತರೋ ಖುಷಿಯಲ್ಲಿ ಹೊರಟ್ರು ಅಂತ ವಾಲ್ಮೀಕಿ ಬರೀತಾರೆ, ಮೊದಲ ಹೆಸರೇ ಅವಳದ್ದು. ಚಿತ್ರಕೂಟದಲ್ಲಿ ರಾಮ ತಾನೇ ಭರತನಿಗೆ ಹೇಳೋ ಒಂದು ಮಾತಿದೆ: ನಿಮ್ಮಮ್ಮನ್ನ ಮದುವೆ ಆಗೋವಾಗ ಅಪ್ಪ ನಿಮ್ಮಜ್ಜನಿಗೆ ರಾಜ್ಯವನ್ನೇ ಶುಲ್ಕ ಅಂತ ಮಾತು ಕೊಟ್ಟಿದ್ರು. ಅಂದ್ರೆ ಅವಳು ಕೇಳಿದ್ದರಲ್ಲಿ ಅರ್ಧ ಹಳೇ ಸಾಲ. ವರಗಳ ಕಥೆನೂ ಅಷ್ಟೇ, ರಥದ ಚಕ್ರಕ್ಕೆ ಬೆರಳು ಕೊಟ್ಲು ಅನ್ನೋದು ಆಮೇಲೆ ಸೇರಿದ್ದು, ವಾಲ್ಮೀಕಿಯಲ್ಲಿ ಪೆಟ್ಟು ತಿಂದು ಪ್ರಜ್ಞೆ ತಪ್ಪಿದ ದಶರಥನನ್ನ ರಣರಂಗದಿಂದ ಆಚೆ ಸಾಗಿಸಿ ಜೀವ ಉಳಿಸಿದ್ದಾಳೆ.

ಇಷ್ಟೆಲ್ಲ ಓದಿದ ಮೇಲೂ ಹದಿನಾಲ್ಕು ವರ್ಷದ ವನವಾಸ ಕೇಳಿದ್ದು ಕೇಳಿದ್ದೇ, ದಶರಥ ಸತ್ತಿದ್ದು ಸತ್ತಿದ್ದೇ. ಅದೇನೂ ಕಮ್ಮಿ ಆಗಲ್ಲ. ಆದ್ರೆ ಹುಟ್ಟಾ ಕೆಟ್ಟವಳು ಅನ್ನೋದಕ್ಕಿಂತ, ಸಂಜೆ ಒಡವೆ ಕೊಟ್ಟವಳು ರಾತ್ರಿ ನೆಲದ ಮೇಲೆ ಮುಡಿ ಬಿಚ್ಕೊಂಡು ಮಲಗಿದ್ಲು ಅನ್ನೋದು ನನಗಂತೂ ಜಾಸ್ತಿ ಭಯ ಹುಟ್ಟಿಸುತ್ತೆ.

ಹಿಂದಿನ ಪುಟ ಇಲ್ಲದ ಪಾತ್ರಕ್ಕೆ ಪುಟ ಬರೆದುಕೊಟ್ಟವರು ಕುವೆಂಪು. ಶ್ರೀ ರಾಮಾಯಣ ದರ್ಶನಂನಲ್ಲಿ 'ಮಮತೆಯ ಸುಳಿ ಮಂಥರೆ' ಅಂತ ಒಂದು ಸಂಚಿಕೆನೇ ಇದೆ, ಹೆಸರಲ್ಲೇ ಎಲ್ಲ ಇದೆ ನೋಡಿ, ಅವಳ ಕೇಡಿನ ಬುಡದಲ್ಲಿ ಇರೋದು ಪ್ರೀತಿ, ಭರತನ ಮೇಲಿನ ಕುರುಡು ಪ್ರೀತಿ. ಹಳಗನ್ನಡದ ನಡೆ ಕಷ್ಟ ಅನ್ನೋರು ಆ ಒಂದು ಸಂಚಿಕೆ ಯಾರಾದ್ರೂ ಗಟ್ಟಿಯಾಗಿ ಓದಿಸ್ಕೊಂಡು ಕೇಳಿ ಸಾಕು.

ಕಾದಂಬರಿಗಳಲ್ಲಿ ಇದಕ್ಕೆ ನಾವು ಬಳಸಿದ್ದು 1965ರಲ್ಲಿ ಬಂದ ಅನಂತಮೂರ್ತಿಯವರ ಸಂಸ್ಕಾರ. ಪ್ರಾಣೇಶಾಚಾರ್ಯ ಯಾರು ಅಂದ್ರೆ ಕಾಡಲ್ಲಿ ಚಂದ್ರಿ ಜೊತೆ ಮಲಗಿದ ಆಚಾರ್ಯ, ಅಷ್ಟೇ ಜನಕ್ಕೆ ಗೊತ್ತಿರೋದು (1970ರ ಸಿನಿಮಾ ನೋಡಿದೋರಿಗೆ ಗಿರೀಶ ಕಾರ್ನಾಡರ ಮುಖಾನೂ ನೆನಪಿರುತ್ತೆ). ಆದ್ರೆ ಪುಸ್ತಕದಲ್ಲಿ ಆ ರಾತ್ರಿಗೆ ಸಿಕ್ಕಿರೋ ಜಾಗ ಚೂರು. ಮಿಕ್ಕ ಪುಟ ಎಲ್ಲ ಆಮೇಲಿಂದು, ಯಾರಿಗೂ ಹೇಳದೆ ಊರು ಬಿಟ್ಟು ನಡೆಯೋದು, ಬೇಡ ಅಂದ್ರೂ ಬೆನ್ನು ಬಿಡದ ಮಾಲೇರ ಪುಟ್ಟ, ಮೇಳಿಗೆ ತೇರು, ಸೂತಕ ಇಟ್ಕೊಂಡು ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರೋದು. ಒಂದು ಗಳಿಗೆ ಆದ್ಮೇಲೆ ಮನುಷ್ಯ ಎಲ್ಲಿಗೆ ಹೋಗ್ತಾನೆ, ಏನು ತಿಂತಾನೆ, ಯಾರ ಕಣ್ಣು ತಪ್ಪಿಸ್ತಾನೆ, ಪುಸ್ತಕ ಇರೋದೇ ಅದರ ಬಗ್ಗೆ.

ಕಥೆ ಹೇಳ್ತಿರೋದು ಯಾರು ಅಂತ ಕೇಳಿ

ಇದು ಚಿಕ್ಕ ಕೆಲಸ, ಐದು ನಿಮಿಷ ಸಾಕು. ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದಿದ್ದು ಅರಿಕೇಸರಿ ಅನ್ನೋ ರಾಜನ ಆಶ್ರಯದಲ್ಲಿ, ಅರಿಕೇಸರಿನೇ ಅರ್ಜುನ ಅಂತ ಇಟ್ಕೊಂಡು. ಅಂಥ ಕಾವ್ಯದಲ್ಲೂ ಕವಿ ಬಾಯಲ್ಲಿ 'ನೆನೆವೊಡೆ ಕರ್ಣನಂ ನೆನೆಯ' (ನೆನೆಯೋದಾದ್ರೆ ಕರ್ಣನನ್ನ ನೆನೆ) ಅಂತ ಬಂದುಬಿಡ್ತು. ರನ್ನನ ಗದಾಯುದ್ಧದಲ್ಲಿ ಹೀರೋ ಭೀಮ, ಹಣ ಕೊಟ್ಟ ರಾಜನಿಗೆ ಹೋಲಿಸಿರೋದೂ ಭೀಮನನ್ನೇ, ಓದಿ ಮುಗಿಸಿದ್ರೆ ಕಣ್ಣಲ್ಲಿ ಉಳಿಯೋನು ಹೆಣಗಳ ಮಧ್ಯೆ ತಡಕಾಡ್ಕೊಂಡು ನಡೆಯೋ ದುರ್ಯೋಧನ. ಕನ್ನಡದಲ್ಲಿ ಕರ್ಣನ, ದುರ್ಯೋಧನನ ಕೆಟ್ಟ ಗಳಿಗೆ ಮಸುಕಾಗಿರೋದಕ್ಕೆ ಇಂಥ ದೊಡ್ಡ ಕವಿಗಳ ಪಾಲೂ ಇದೆ ಅಂತ ನನ್ನ ಅನಿಸಿಕೆ. ಸರ್ಕಾರದ್ದೂ ಒಂದು ತಮಾಷೆ ಇದೆ, ಕೇಂದ್ರ ಸರ್ಕಾರ 1985ರಿಂದ ಕೋಚ್‌ಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಡುತ್ತೆ, ನಮ್ಮ ರಾಜ್ಯ ಸರ್ಕಾರ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತೆ. ಹೆಬ್ಬೆರಳಿನ ವಿಷಯ ಯಾರೂ ಎತ್ತಲ್ಲ.

ಸಾಹಿತಿಗಳ ವಿಷಯ: ಅದು ಗಳಿಗೆನಾ, ವರ್ಷಾನಾ?

ಪಾತ್ರಕ್ಕೆ ನೋವಾಗಲ್ಲ, ಬರೆದವರು ಬದುಕಿದ್ದ ಮನುಷ್ಯರು, ಅವರಿಂದ ನೊಂದವರೂ ಮನುಷ್ಯರು. ಹಾಗಾಗಿ ಇಲ್ಲಿ ಹಾಳೆ ಮೇಲೆ ಇನ್ನೊಂದು ಪ್ರಶ್ನೆ ಸೇರಿಸ್ಕೊಳ್ಳಿ: ಎಷ್ಟು ದಿನ ನಡೀತು? ಗೊತ್ತಾದ ಮೇಲೆ ಅವರು ಏನ್ ಮಾಡಿದ್ರು?

ಮೂರು ಜನರನ್ನ ಪಕ್ಕ ಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ಕಾಣುತ್ತೆ. ಜೀವ್ಸ್ ಕಥೆಗಳನ್ನ ಬರೆದ ಇಂಗ್ಲೆಂಡಿನ ಹಾಸ್ಯ ಲೇಖಕ ವೋಡ್‌ಹೌಸ್, ನಮ್ಮ ಅಪ್ಪಂದಿರ ಕಾಲದ ಇಂಗ್ಲಿಷ್ ಓದುಗರ ಕಣ್ಮಣಿ. 1940ರಲ್ಲಿ ಫ್ರಾನ್ಸಿನ ಮನೇಲಿದ್ದಾಗ ಜರ್ಮನ್ನರ ಕೈಗೆ ಸಿಕ್ಕಿಬಿದ್ದು, ಟೋಸ್ಟ್ ಅನ್ನೋ ಊರಿನ ಕ್ಯಾಂಪ್‌ನಲ್ಲಿ ಇದ್ದು, 1941ರ ಜೂನ್‌ನಲ್ಲಿ ಬಿಡುಗಡೆ ಆದ್ಮೇಲೆ ಬರ್ಲಿನ್ ರೇಡಿಯೋದಲ್ಲಿ ಅಮೆರಿಕದ ಕೇಳುಗರಿಗೆ ಅಂತ ಐದು ಭಾಷಣ ಮಾಡಿದ್ರು. ಅದರಲ್ಲಿ ನಾಜಿ ಪ್ರಚಾರ ಏನೂ ಇಲ್ಲ, ಕ್ಯಾಂಪ್ ಜೀವನದ ಜೋಕುಗಳು. ಆದ್ರೆ ಲಂಡನ್ ಮೇಲೆ ಬಾಂಬ್ ಬಿದ್ದು ಇನ್ನೂ ಧೂಳು ಇಳಿದಿರ್ಲಿಲ್ಲ, ಇವರು ಶತ್ರುವಿನ ಮೈಕ್ ಮುಂದೆ ಕೂತು ನಗಿಸ್ತಿದ್ರು. ಆ ಜುಲೈನಲ್ಲೇ ಬಿಬಿಸಿಯಲ್ಲಿ ಒಬ್ಬ ಪತ್ರಕರ್ತ ದೇಶದ್ರೋಹಿ ಅಂತ ಜಾಡಿಸಿದ, ಕೆಲವು ಲೈಬ್ರರಿಗಳು ಪುಸ್ತಕ ಎತ್ತಿಟ್ಟವು, ಬೈದೋರಲ್ಲಿ ಹೆಚ್ಚಿನವರು ಆ ಭಾಷಣ ಕೇಳೇ ಇರ್ಲಿಲ್ಲ. 1944ರಲ್ಲಿ ಬ್ರಿಟಿಷ್ ಗುಪ್ತಚರ ವಿಭಾಗ ವಿಚಾರಣೆ ಮಾಡಿ ಕೇಸ್ ಹಾಕುವಂಥದ್ದು ಇಲ್ಲ ಅಂತು, ಅವರು ಬದುಕಿರೋವರ್ಗೂ ಆ ವರದಿ ಹೊರಗೇ ಬರ್ಲಿಲ್ಲ. ಮತ್ತೆ ಇಂಗ್ಲೆಂಡಿಗೆ ಕಾಲಿಡಲಿಲ್ಲ ಪುಣ್ಯಾತ್ಮ. 1975ರ ಹೊಸವರ್ಷಕ್ಕೆ ಸರ್ ಪದವಿ ಬಂತು, ಫೆಬ್ರವರಿಯಲ್ಲಿ ತೀರ್ಕೊಂಡ್ರು.

ನಾರ್ವೆಯ ಕಾದಂಬರಿಕಾರ ಕ್ನೂಟ್ ಹಾಮ್ಸನ್ ಬೇರೆ ಥರ. 1920ರ ನೊಬೆಲ್. 1943ರಲ್ಲಿ ಆ ನೊಬೆಲ್ ಮೆಡಲ್‌ನ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಕಳಿಸಿಕೊಟ್ಟರು, 1945ರ ಮೇ ತಿಂಗಳಲ್ಲಿ ಹಿಟ್ಲರ್ ಸತ್ತು ಎಲ್ಲ ಮುಗಿದಿದೆ ಅಂದಾಗಲೂ ಪೇಪರಿನಲ್ಲಿ ಅವನನ್ನ ಹೊಗಳಿ ಶ್ರದ್ಧಾಂಜಲಿ ಬರೆದ್ರು. ಇದನ್ನ ಎಡವಟ್ಟು ಅನ್ನೋಕಾಗಲ್ಲ, ನಂಬಿಕೆ ಇಟ್ಟು ವರ್ಷಗಟ್ಟಲೆ ಮಾಡಿದ್ದು. ಯುದ್ಧ ಮುಗಿದ ಮೇಲೆ ಮಾನಸಿಕ ಶಕ್ತಿ ಕುಂದಿದೆ ಅಂತ ಡಾಕ್ಟರುಗಳು ಬರೆದುಕೊಟ್ಟರೆ, ತೊಂಬತ್ತರ ಹತ್ತಿರ ಇದ್ದ ಮುದುಕ ತಲೆ ಸರಿಯಾಗೇ ಇದೆ ಅಂತ ತೋರಿಸೋ ಹಾಗೆ 1949ರಲ್ಲಿ ಇನ್ನೊಂದು ಪುಸ್ತಕ ಬರೆದ್ರು. ಅಲ್ಲಿಗೆ ತಪ್ಪಿಸ್ಕೊಳ್ಳೋ ದಾರಿನೂ ತಾನೇ ಮುಚ್ಚಿದ ಹಾಗಾಯ್ತು.

ಮೂರನೇದು ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋ, ಇದನ್ನ ಬರೆಯೋಕೇ ಕಷ್ಟ. 2013ರ ನೊಬೆಲ್, 2024ರ ಮೇನಲ್ಲಿ ತೀರ್ಕೊಂಡ್ರು. ಎರಡು ತಿಂಗಳಿಗೆ ಅವರ ಮಗಳು ಟೊರೊಂಟೊ ಪೇಪರಿನಲ್ಲಿ ಬರೆದ್ರು: ಒಂಬತ್ತು ವರ್ಷದವಳಿದ್ದಾಗ ಮಲತಂದೆ ಲೈಂಗಿಕ ದೌರ್ಜನ್ಯ ಮಾಡಿದ, 1992ರಲ್ಲಿ ಅಮ್ಮನಿಗೆ ಕಾಗದ ಬರೆದು ತಿಳಿಸಿದೆ, ಅಮ್ಮ ಸ್ವಲ್ಪ ದಿನ ದೂರ ಇದ್ದು ವಾಪಸ್ ಅವನ ಹತ್ತಿರಾನೇ ಹೋದ್ರು, 2005ರಲ್ಲಿ ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಮೇಲೂ ಜೊತೆಗೇ ಇದ್ರು. ಇಲ್ಲಿ ಕೆಟ್ಟ ಗಳಿಗೆ ಅಂತ ಯಾವುದನ್ನ ತೋರಿಸ್ತೀರಿ? ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಎದ್ದು ತಗೊಂಡ ನಿರ್ಧಾರ ಅದು. ವೋಡ್‌ಹೌಸ್‌ಗೆ ಕೊಡೋ ರಿಯಾಯಿತಿ ಇಲ್ಲಿ ಕೊಡೋಕೆ ನನ್ನ ಕೈಲಾಗಲ್ಲ. ನಮ್ಮ ಬಳಗದ ಒಬ್ಬರು ಮನ್ರೋ ಪುಸ್ತಕಗಳನ್ನ ಷೆಲ್ಫಿಂದ ತೆಗೆದು ರಟ್ಟಿನ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಏರಿಸಿದ್ರು, ಇನ್ನೊಬ್ಬರು ಮತ್ತೆ ಮೊದಲಿಂದ ಓದ್ತಿದಾರೆ, ಮುಚ್ಚಿಟ್ಟ ಗುಟ್ಟುಗಳೇ ತುಂಬಿರೋ ಆ ಕಥೆಗಳು ಈಗ ಬೇರೆ ಥರ ಕೇಳಿಸ್ತಿವೆ ಅಂತ. ಇಬ್ಬರಿಗೂ ನೀವು ಮಾಡ್ತಿರೋದು ಸರಿಯಿಲ್ಲ ಅಂತ ಯಾರೂ ಹೇಳ್ಲಿಲ್ಲ.

ಇನ್ನು ಬರೀ ಮಾತಿನಿಂದ ಆಗೋದು. ನಮ್ಮಲ್ಲಿ ಅನಂತಮೂರ್ತಿಯವರು 2013ರಲ್ಲಿ ಮೋದಿ ಪ್ರಧಾನಿಯಾದ ದೇಶದಲ್ಲಿ ಇರೋಕೆ ಇಷ್ಟಪಡಲ್ಲ ಅನ್ನೋ ಅರ್ಥದ ಮಾತಾಡಿದ್ರು, ಭಾವೋದ್ವೇಗದಲ್ಲಿ ಹೇಳಿದ್ದು ಅಂತ ಆಮೇಲೆ ಹೇಳಿದ್ರು. 2014ರ ಆಗಸ್ಟ್ 22ಕ್ಕೆ ಅವರು ತೀರ್ಕೊಂಡಾಗ ಕೆಲವು ಕಡೆ ಪಟಾಕಿ ಹೊಡೆದ್ರು ಅಂತ ಪೇಪರಿನಲ್ಲಿ ಬಂತು. ಆ ಮಾತು ನಿಮಗೆ ತಪ್ಪು ಅನ್ಸಿದ್ರೆ ತಪ್ಪು ಅನ್ನಿ, ಸರಿ ಅನ್ಸಿದ್ರೆ ಸರಿ ಅನ್ನಿ, ನಾನು ಹೇಳೋದು ಬೇರೆ. ಐವತ್ತು ವರ್ಷ ಬರೆದವರ ಪುಸ್ತಕ ಒಂದನ್ನೂ ಮುಟ್ಟದೋರಿಗೆ ಆ ಒಂದು ವಾಕ್ಯ ಮಾತ್ರ ಬಾಯಿಪಾಠ ಇದೆ, ಪರ ಇರೋರಿಗೂ ವಿರೋಧ ಇರೋರಿಗೂ. ಮಾತು ಆಡಿದ್ರೆ ಹೋಯ್ತು ಮುತ್ತು ಒಡೆದ್ರೆ ಹೋಯ್ತು ಅನ್ನೋದು ಬಹುಶಃ ಟಿವಿ ಕ್ಯಾಮೆರಾ ಬರೋ ಮುಂಚೆ ಇಷ್ಟು ನಿಜ ಇರ್ಲಿಲ್ಲ.

ಅರ್ಥ ಹೇಳಿ

ಇದು ನಮ್ಮ ಪದ್ಧತಿಯಲ್ಲಿ ನನಗೆ ತುಂಬಾ ಇಷ್ಟದ ಭಾಗ, ಕದ್ದಿದ್ದು ತಾಳಮದ್ದಳೆಯಿಂದ. ಕರಾವಳಿ, ಮಲೆನಾಡು ಕಡೆಯವರಿಗೆ ಹೇಳೋದು ಬೇಡ, ಬೇರೆಯವರಿಗೆ ಅಂತ ಹೇಳ್ತೀನಿ: ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ಪಂಚೆ ಶಲ್ಯ ಉಟ್ಟ ಅರ್ಥಧಾರಿಗಳು ಕೂತ್ಕೊಂಡು ಪಾತ್ರವಾಗಿ ವಾದ ಮಾಡ್ತಾರೆ, ಅದಕ್ಕೇ ಅರ್ಥ ಹೇಳೋದು ಅನ್ನೋದು. ವಾಲಿವಧೆ ಅಂದ್ರೆ ಸಾಯ್ತಿರೋ ವಾಲಿ ರಾಮನ್ನ ಪ್ರಶ್ನೆ ಕೇಳ್ತಾನೆ, ರಾಮ ಉತ್ತರ ಕೊಡ್ಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದೋರು ಈಗಲೂ ಅದರ ಮಾತಾಡ್ತಾರೆ.

ನಿಮ್ಮಲ್ಲೂ ಇಬ್ಬರನ್ನ ಎದುರುಬದುರು ಕೂರಿಸಿ. ಒಬ್ಬರು ತಪ್ಪು ಮಾಡಿದ ಪಾತ್ರ, ಇನ್ನೊಬ್ಬರು ನೊಂದ ಪಾತ್ರ. ಮೊದಲ ಮಾತು ಯಾವಾಗಲೂ ನೊಂದವರದ್ದು. ತಲಾ ಹತ್ತು ನಿಮಿಷ, 'ನಾನು' ಅಂತಾನೇ ಮಾತಾಡ್ಬೇಕು. ವಿಧಿ, ಶಾಪ, ದೈವಲೀಲೆ, ಆಗಿನ ಕಾಲ ಹಾಗಿತ್ತು ಇವು ನಾಲ್ಕು ನಿಷೇಧ. ಆ ನಾಲ್ಕನ್ನ ಬಿಟ್ರೆ ಎಷ್ಟು ಜನಕ್ಕೆ ಮಾತೇ ಹೊರಡಲ್ಲ ಅಂತ ನೀವೇ ನೋಡ್ತೀರಿ.

ಒಂದ್ಸಲ ನಮ್ಮಲ್ಲಿ ಬ್ಯಾಂಕಿಂದ ರಿಟೈರ್ ಆದ ಹಿರಿಯರೊಬ್ಬರು ಧರ್ಮರಾಯ ಆದ್ರು. ಒಳ್ಳೇ ತಯಾರಿ ಮಾಡ್ಕೊಂಡು ಬಂದಿದ್ರು, ಕ್ಷತ್ರಿಯ ಜೂಜಿಗೆ ಕರೆದ್ರೆ ಇಲ್ಲ ಅನ್ನೋ ಹಾಗಿಲ್ಲ, ದೊಡ್ಡಪ್ಪನ ಆಜ್ಞೆ, ಹೀಗೆ ಪಾಯಿಂಟ್ ಬರ್ಕೊಂಡು. ದ್ರೌಪದಿ ಆಗಿದ್ದಿದ್ದು ಅವರ ಮಗಳ ವಯಸ್ಸಿನ ಹುಡುಗಿ. ಅವಳು ಬೇರೇನೂ ಕೇಳ್ಲಿಲ್ಲ, ಸಭಾಪರ್ವದಲ್ಲಿ ದ್ರೌಪದಿ ಕೇಳಿ ಕಳಿಸೋ ಪ್ರಶ್ನೆನೇ ಕೇಳಿದ್ಲು, 'ಮೊದಲು ಸೋತಿದ್ದು ನಿನ್ನನ್ನಾ, ನನ್ನನ್ನಾ?' ಅಷ್ಟೇ. ಅಂಕಲ್ ಹಾಳೆ ತಿರುಗಿಸಿದ್ರು, ಮತ್ತೆ ತಿರುಗಿಸಿದ್ರು, ಪಕ್ಕದಲ್ಲಿದ್ದ ನೀರು ಕುಡಿದ್ರು, ಆಮೇಲೆ ಲೋಟ ಕೈಯಲ್ಲೇ ಹಿಡ್ಕೊಂಡು ಸುಮ್ನೆ ಕೂತ್ರು. ಅಡುಗೆಮನೇಲಿ ಕುಕ್ಕರ್ ಕೂಗ್ತಿತ್ತು, ಅದು ಬಿಟ್ರೆ ಶಬ್ದ ಇಲ್ಲ. ಮೂಲದಲ್ಲೂ ಅಲ್ಲಿ ಧರ್ಮರಾಯ ಉತ್ತರ ಕೊಡಲ್ಲ, ಜೀವ ಹೋದವನ ಹಾಗೆ ಕೂತಿರ್ತಾನೆ. ಅಂಕಲ್ ಆ ಭಾಗ ಓದ್ಕೊಂಡು ಬಂದಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಬರೆಯೋವಾಗ ಎರಡು ಎಚ್ಚರ

ಓದಿ ಆದ್ಮೇಲೆ ಏನಾದ್ರೂ ಬರೀತೀರಿ ಅಂದ್ರೆ 'ಆದ್ರೆ' ಎಲ್ಲಿ ಹಾಕ್ತೀರಿ ನೋಡ್ಕೊಳ್ಳಿ. ಹಾಮ್ಸನ್ ದೊಡ್ಡ ಕಾದಂಬರಿಕಾರ ಆದ್ರೆ ಹಿಟ್ಲರನ್ನ ಹೊಗಳಿದ, ಹಿಟ್ಲರನ್ನ ಹೊಗಳಿದ ಆದ್ರೆ ದೊಡ್ಡ ಕಾದಂಬರಿಕಾರ. ಮಾಹಿತಿ ಒಂದೇ, 'ಆದ್ರೆ' ಆದ್ಮೇಲೆ ಬಂದಿದ್ದೇ ಗೆಲ್ಲುತ್ತೆ. ನಾನು ಈಗ ಎರಡು ಬೇರೆ ವಾಕ್ಯ ಬರೆದು ಮಧ್ಯೆ ಫುಲ್‌ಸ್ಟಾಪ್ ಇಡ್ತೀನಿ (ಈ ಬರಹದಲ್ಲೇ ಎಷ್ಟು 'ಆದ್ರೆ' ಇದೆ ಅಂತ ಎಣಿಸೋಕೆ ಹೋಗ್ಬೇಡಿ).

ಇನ್ನೊಂದು ನಮ್ಮ ಕನ್ನಡದ್ದೇ ಸಮಸ್ಯೆ. ಹೆಂಡತಿಯನ್ನ ಜೂಜಿಗಿಟ್ಟ ಧರ್ಮರಾಯ, ಮಗನನ್ನ ಕಾಡಿಗಟ್ಟಿದ ಕೈಕೇಯಿ. ನೋಡಿ, ನಮ್ಮ ಭಾಷೆಯಲ್ಲಿ ಕ್ರಿಯೆನ ಹೆಸರಿನ ಹಿಂದೆ ತಂದು ಕೂರಿಸೋದು ಎಷ್ಟು ಸಲೀಸು, ಒಂದ್ಸಲ ಕೂತ್ರೆ ಅದು ಬಿರುದು ಆಗ್ಬಿಡುತ್ತೆ, ಮನೆತನದ ಹೆಸರಿನ ಥರ. ಅದನ್ನ ಬಿಡಿಸಿ ವಾಕ್ಯದ ಕೊನೆಗೆ ಕಳ್ಸಿ, ಜೊತೆಗೆ ಯಾವತ್ತು ಎಲ್ಲಿ ಅಂತ ಸೇರಿಸಿ: ಧರ್ಮರಾಯ ಆವತ್ತು ಸಭೆಯಲ್ಲಿ ಹೆಂಡತಿಯನ್ನ ಜೂಜಿಗಿಟ್ಟ. ತಪ್ಪು ಒಂದಿಷ್ಟೂ ಕಮ್ಮಿ ಆಗ್ಲಿಲ್ಲ, ಅದಕ್ಕೊಂದು ದಿನ ಸಿಕ್ತು, ಹಾಗಾಗಿ ಅದಕ್ಕೊಂದು ಹಿಂದಿನ ದಿನ ಮಾರನೇ ದಿನಾನೂ ಸಿಕ್ತು.

ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ ನನ್ನ ಸಲಹೆ ಕೈಕೇಯಿ, ಯಾಕಂದ್ರೆ ಓದಬೇಕಾದ ಪುಟ ಕಮ್ಮಿ, ಎಲ್ಲರ ಮನೇಲೂ ಆ ಹೆಸರಿನ ಒಬ್ಬರು ಇದ್ದೇ ಇರ್ತಾರೆ. ನಮ್ಮಲ್ಲಿ ಕೈಕೇಯಿ ಅರ್ಥ ಹೇಳಿದ್ದು ನಾನೇ. ಆವತ್ತು ರಾತ್ರಿ ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ, ಒಡವೆ ಕೊಟ್ಟಿದ್ದು, ರಾಜ್ಯಶುಲ್ಕ, ಚಿತ್ರಕೂಟ, ಎಲ್ಲ. ಪೂರ್ತಿ ಕೇಳಿಸ್ಕೊಂಡು, ಒಂದು ಸಲ ಕೆಮ್ಮಿ, 'ಆ ತೋಟಕ್ಕೆ ಈಗ ಎಲೆಚುಕ್ಕಿ ರೋಗ ಬಂದಿದೆ ಮಾರಾಯ, ಬೇಕಿದ್ರೆ ನಿಮ್ಮಪ್ಪಂಗೇ ತಗೊಳ್ಳೋಕೆ ಹೇಳು' ಅಂದ್ರು.